ತಪಾಸಣೆಗೆ ಕೊಟ್ಟ ದುಡ್ಡು ಪೋಲಲ್ಲ

ಯಾವ ಭಾಗ ಕೆಟ್ಟಿದೆ ಎಂದು ಖಾತ್ರಿಯಾಗುವ ಮೊದಲೇ ಹೊಸ ಭಾಗ ಕೊಂಡುಬಿಡುತ್ತೇವೆ. ಡೀಸೆಲ್ ಕಾರು ಇಟ್ಟುಕೊಂಡ ಮನೆಗಳಲ್ಲಿ ಅತಿ ಹೆಚ್ಚು ಹಣ ಸೋರುವುದು ಇಲ್ಲಿಯೇ. ತಿಕೋಟಾ, ಬಬಲೇಶ್ವರ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಇದು ಇನ್ನೂ ಕಷ್ಟ. ಸುಗ್ಗಿಯಲ್ಲಿ ಗಾಡಿ ನಿಂತರೆ ಕೆಲಸವೂ ನಿಲ್ಲುತ್ತದೆ. ಆ ಅವಸರದಲ್ಲಿ ಗ್ಯಾರೇಜಿನವರು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತೇವೆ.

ಕಳೆದ ಸುಗ್ಗಿಯಲ್ಲಿ ಬಬಲೇಶ್ವರದಿಂದ ವಿಜಯಪುರಕ್ಕೆ ಬರುವಾಗ ನಮ್ಮ ಕಾರು ಒಮ್ಮೆಲೇ ಸೊರಗಿತು. ಎಕ್ಸಲರೇಟರ್ ಪೂರ್ತಿ ತುಳಿದರೂ ಪಿಕಪ್ ಇಲ್ಲ, ಹಿಂದೆ ಕರಿ ಹೊಗೆ, ಮುಂದೆ ಇಂಜಿನ್ ಚಿತ್ರದ ಹಳದಿ ದೀಪ. ನಗರದ ಒಂದು ಗ್ಯಾರೇಜಿನಲ್ಲಿ ಹೊಗೆ ನೋಡಿಯೇ ತೀರ್ಪು ಬಂತು: "ಟರ್ಬೊ ಹೋಗೈತ್ರಿ ಸರ, ಹೊಸಾದ ಹಾಕ್ಸಬೇಕು." ಕೂಲಿ ಸೇರಿ 48,000 ರೂಪಾಯಿ. ಏನನ್ನು ಅಳೆದು ನೋಡಿದಿರಿ ಎಂದು ಕೇಳಿದೆ. ಉತ್ತರ ಬರಲಿಲ್ಲ. ಗಾಡಿ ವಾಪಸು ತಂದೆ.

ತಿಕೋಟಾ ಕಡೆಯ ಇನ್ನೊಬ್ಬ ಮಿಸ್ತ್ರಿ 800 ರೂಪಾಯಿ ತಗೊಂಡು ಸ್ಕ್ಯಾನರ್ ಹಚ್ಚಿದರು. ಬಂದದ್ದು ಪಿ 0299 ಎಂಬ ಕೋಡ್: ಟರ್ಬೊ ಒತ್ತುವ ಗಾಳಿಯ ಒತ್ತಡ ಬೇಕಾದಷ್ಟಿಲ್ಲ. ಒತ್ತಡ ಕಡಿಮೆಯಾದಾಗ ಇಂಜಿನ್ ಉಳಿಸಲೆಂದು ಕಂಪ್ಯೂಟರೇ ಡೀಸೆಲ್ ತಗ್ಗಿಸುತ್ತದೆ. ಲಿಂಪ್ ಮೋಡ್ ಎನ್ನುವುದು ಇದನ್ನೇ. "ಕಡಿಮಿ ಬಿದ್ದೈತಿ ಅಂತ ಮಷೀನ್ ಹೇಳತೈತ್ರಿ, ಯಾಕ ಅಂತ ನಾವ ಹುಡುಕಬೇಕು" ಎಂದರು ಅವರು.

ಏರ್ ಫಿಲ್ಟರ್ ಕಟ್ಟಿದ್ದರೂ, ಟರ್ಬೊ ನಿಯಂತ್ರಿಸುವ ವ್ಯಾಕ್ಯೂಮ್ ನಳಿಕೆ ಬಿರಿದಿದ್ದರೂ, ಹೊಗೆಯ ಒಂದಂಶವನ್ನು ಇಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದಿದ್ದರೂ ಇದೇ ಕೋಡ್ ಬರಬಹುದು. ಮಿಸ್ತ್ರಿ ಒಂದೊಂದಾಗಿ ನೋಡುತ್ತ, ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್‌ನ ರಬ್ಬರ್ ಪೈಪಿಗೆ ಬಂದರು. ಕ್ಲಾಂಪಿನ ಬುಡದಲ್ಲಿ ಎಣ್ಣೆಯೂ ಎರೆಮಣ್ಣಿನ ಧೂಳೂ ಕೂಡಿ ಕರಿ ಮೆತ್ತೆ ಹತ್ತಿತ್ತು. ಅದನ್ನು ಒರೆಸಿ, ಸೋಪಿನ ನೀರು ಸವರಿ, ಹುಡುಗನಿಗೆ ಎಕ್ಸಲರೇಟರ್ ಕೊಡಲು ಹೇಳಿದರು. ಬೆರಳುದ್ದದ ಸೀಳಿನಿಂದ ಬುಳುಬುಳು ನೊರೆ ಎದ್ದಿತು. ಟರ್ಬೊ ಶಾಫ್ಟ್ ಅಲುಗಾಡಿಸಿಯೂ ತೋರಿಸಿದರು, ಗಟ್ಟಿಯಾಗಿತ್ತು. ಪೈಪು, ಕ್ಲಾಂಪು, ಕೂಲಿ ಎಲ್ಲ ಸೇರಿ 2,600 ರೂಪಾಯಿ.

ಹಾಗಾಗಿ ಅಗ್ಗದ್ದರಿಂದ ದುಬಾರಿಯ ಕಡೆ ಹೋಗಿ. ಸ್ಕ್ಯಾನ್ ಮಾಡಿಸಿ, ಆಮೇಲೆ ಏರ್ ಫಿಲ್ಟರ್ ಮತ್ತು ಡೀಸೆಲ್ ಫಿಲ್ಟರ್ ನೋಡಿಸಿ, ಫಿಲ್ಟರಿನ ತಳದಲ್ಲಿ ನಿಂತ ನೀರು ತೆಗೆಸಿ. ನಂತರ ಪೈಪು, ಸೆನ್ಸರ್, ಇಜಿಆರ್. ಪಂಪು, ಇಂಜೆಕ್ಟರ್, ಟರ್ಬೊ ಕಡೆಯ ಸರದಿಯವು. ಕೋಡ್ ಪಿ 0087 ಬಂದರೆ ಡೀಸೆಲ್ ಒತ್ತಡ ಕಡಿಮೆ ಎಂದರ್ಥ. ಆಗ ಡೀಸೆಲ್ ಫಿಲ್ಟರೇ ಮೊದಲು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಊರೊಳಗಷ್ಟೇ ಓಡಿಸಿದರೆ ಮಸಿ ಸುಡುವಷ್ಟು ಬಿಸಿ ಅದಕ್ಕೆ ಸಿಗದು. ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ದೂರ ಓಡಿಸಬೇಕು.

ಹಾಗಂತ ಪತ್ತೆಯಾದ ಮೇಲೆ ಮುಂದೂಡಬೇಡಿ. ಸೋರುವ ಗಾಳಿಯನ್ನು ಸರಿದೂಗಿಸಲು ಟರ್ಬೊ ಅತಿವೇಗದಲ್ಲಿ ತಿರುಗುತ್ತದೆ, ಮಸಿಯೂ ಹೆಚ್ಚುತ್ತದೆ. ಇಂದಿನ 2,600 ನಾಳೆ ನಿಜವಾಗಿಯೂ 48,000 ಆದೀತು.

ಸಾಮಾನ್ಯ ವಾಹನ ವಿಮೆ ಯಾಂತ್ರಿಕ ದೋಷಕ್ಕೂ ಸವೆತಕ್ಕೂ ಪರಿಹಾರ ಕೊಡುವುದಿಲ್ಲ. ಆದ್ದರಿಂದ ತಿಂಗಳಿಗೆ 1,500 ರೂಪಾಯಿ ಬೇರೆ ಖಾತೆಗೆ ಹಾಕಿ. ವರ್ಷಕ್ಕೆ 18,000 ಆಗುತ್ತದೆ. ಆ ಹಣವಿದ್ದರೆ ಸುಗ್ಗಿಯಲ್ಲಿ ಕೈಸಾಲಕ್ಕೆ ಓಡದೆ, ಇನ್ನೊಬ್ಬ ಮಿಸ್ತ್ರಿಯನ್ನು ಕೇಳುವಷ್ಟು ತಾಳ್ಮೆ ಉಳಿಯುತ್ತದೆ.

ದೊಡ್ಡ ಕೆಲಸಕ್ಕೆ ಒಪ್ಪುವ ಮೊದಲು ಕೋಡ್ ಯಾವುದು, ಏನನ್ನು ಅಳೆದಿರಿ, ಹಳೆಯ ಭಾಗ ವಾಪಸು ಕೊಡುತ್ತೀರಾ ಎಂದು ಕೇಳಿ. ಇದಕ್ಕೆ ಸರಿಯಾಗಿ ಉತ್ತರಿಸುವವರೊಂದಿಗೆ ತಪಾಸಣೆಯ ಕೂಲಿಗೆ ಚೌಕಾಸಿ ಮಾಡಬೇಡಿ. ನೋಡಿದ್ದಕ್ಕೇನು ದುಡ್ಡು ಎಂದು ನಾವು ಜಗ್ಗಾಡುವುದರಿಂದಲೇ ಗ್ಯಾರೇಜಿನವರು ಬಿಡಿಭಾಗ ಮಾರಿ ಬದುಕಬೇಕಾಗಿದೆ. ಪತ್ತೆಹಚ್ಚುವ ಬುದ್ಧಿಗೆ ಬೆಲೆ ಕೊಟ್ಟರೆ ಅದನ್ನೇ ನೆಚ್ಚಿ ಬದುಕುವ ಮಿಸ್ತ್ರಿಗಳು ನಮ್ಮ ಊರಲ್ಲೂ ಹೆಚ್ಚುತ್ತಾರೆ.