ಗಣಕ ವ್ಯವಸ್ಥೆಗಳಿಗೂ ಬೇಕು ಒಂದು ರಿಜಿಸ್ಟರ್

ಪ್ರತಿಯೊಂದು ಉದ್ದಿಮೆಯೂ ತನ್ನ ಸ್ಥಿರ ಆಸ್ತಿಗಳ ರಿಜಿಸ್ಟರನ್ನು ಇಟ್ಟಿರುತ್ತದೆ. ಯಾವ ಗಣಕಯಂತ್ರವನ್ನು ಎಂದು, ಎಷ್ಟು ಬೆಲೆಗೆ ಕೊಳ್ಳಲಾಯಿತು, ಈವರೆಗೆ ಎಷ್ಟು ಸವಕಳಿ ಕಳೆಯಲಾಗಿದೆ ಎಂಬ ವಿವರ ಅದರಲ್ಲಿ ದೊರೆಯುತ್ತದೆ. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯು ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳಿಗೆ 3 ವರ್ಷ, ಸರ್ವರ್ ಮತ್ತು ನೆಟ್‌ವರ್ಕ್‌ಗಳಿಗೆ 6 ವರ್ಷಗಳ ಉಪಯುಕ್ತ ಆಯುಷ್ಯವನ್ನು ಸೂಚಿಸಿದೆ. ಆದರೆ ಆ ಸರ್ವರಿನಲ್ಲಿ ಯಾವ ತಂತ್ರಾಂಶದ ಯಾವ ಆವೃತ್ತಿ ನಡೆಯುತ್ತಿದೆ, ಅದು ನಿಂತರೆ ಯಾವ ಯಾವ ಕೆಲಸಗಳು ನಿಲ್ಲುತ್ತವೆ, ಅದರ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಈ ರಿಜಿಸ್ಟರ್ ಉತ್ತರಿಸದು. ಪುಸ್ತಕದಲ್ಲಿ ಬೆಲೆ ಬಹುಪಾಲು ಇಳಿದುಹೋದ ಸರ್ವರೇ ಇಡೀ ವ್ಯವಹಾರವನ್ನು ಹೊತ್ತಿರುವುದು ಅಪರೂಪವೇನಲ್ಲ.

ಈ ಕೊರತೆಯನ್ನು ತುಂಬುವ ದಾಖಲೆಗೆ ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಡೇಟಾಬೇಸ್, ಸಂಕ್ಷಿಪ್ತವಾಗಿ ಸಿಎಂಡಿಬಿ, ಎಂದು ಹೆಸರು. ಬ್ರಿಟಿಷ್ ಸರ್ಕಾರದ ಸಂಸ್ಥೆಯೊಂದು 1980ರ ದಶಕದ ಕೊನೆಯಲ್ಲಿ ರೂಪಿಸಲಾರಂಭಿಸಿದ ಐಟಿಐಎಲ್ ಎಂಬ ನಿರ್ವಹಣಾ ಪದ್ಧತಿಯ ಮೂಲಕ ಈ ಪರಿಕಲ್ಪನೆಯು ಪ್ರಚಾರಕ್ಕೆ ಬಂದಿತು. ಸರ್ವರ್, ರೂಟರ್, ತಂತ್ರಾಂಶ, ಪರವಾನಗಿ, ಡಿಜಿಟಲ್ ಪ್ರಮಾಣಪತ್ರ ಮೊದಲಾದ ಪ್ರತಿಯೊಂದೂ ಇದರಲ್ಲಿ ಒಂದು ನಮೂದು. ಇದರ ಜೀವಾಳವಿರುವುದು ನಮೂದುಗಳಲ್ಲಿ ಅಲ್ಲ, ಅವುಗಳ ನಡುವಿನ ಸಂಬಂಧಗಳಲ್ಲಿ. ಖಾತೆಗಳ ಪಟ್ಟಿಗೂ ಜಮಾ-ಖರ್ಚು ಹೊಂದಿಸಿದ ಲೆಡ್ಜರಿಗೂ ಇರುವಷ್ಟೇ ಅಂತರ ಇಲ್ಲಿಯೂ ಉಂಟು.

ಉದಾಹರಣೆಗೆ, ಒಂದು ಕಾರ್ಖಾನೆಯ ವೇಬ್ರಿಡ್ಜ್ ಗಣಕವು ತೂಕದ ವಿವರವನ್ನು ಬಿಲ್ಲಿಂಗ್ ಸರ್ವರಿಗೆ ಕಳುಹಿಸುತ್ತದೆ. ಆ ಸರ್ವರಿನಿಂದ ಇ-ಇನ್‌ವಾಯ್ಸ್ ಮತ್ತು ಇ-ವೇ ಬಿಲ್ ಹೊರಡುತ್ತವೆ ಎಂದಿಟ್ಟುಕೊಳ್ಳೋಣ. ಭಾನುವಾರ ಸರ್ವರಿನ ವಿಳಾಸವನ್ನು ಬದಲಿಸಿದ ತಂತ್ರಜ್ಞನಿಗೆ ಈ ಕೊಂಡಿ ತಿಳಿಯದಿದ್ದರೆ, ಸೋಮವಾರ ಸರಕು ತುಂಬಿದ ಲಾರಿಗಳು ಗೇಟಿನಲ್ಲೇ ನಿಲ್ಲುತ್ತವೆ. ದಾಖಲೆಯಿದ್ದಲ್ಲಿ ಬದಲಾವಣೆಗೆ ಮುನ್ನವೇ ಅದರ ಪರಿಣಾಮವನ್ನು ಓದಿಕೊಳ್ಳಬಹುದಿತ್ತು.

ಪೂರ್ಣ ದಾಖಲೆಯಿಲ್ಲದಿರುವಿಕೆಯ ಬೆಲೆ ಎಷ್ಟಾಗಬಹುದೆಂಬುದಕ್ಕೆ ಅಮೆರಿಕದ ಅಟ್ಲಾಂಟಾದ ಸಾಲಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್‌ನ ಪ್ರಕರಣವನ್ನು ಅಧ್ಯಯನ ಮಾಡಬೇಕು. 2017ರ ಮಾರ್ಚ್‌ನಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ದೋಷ ಬಹಿರಂಗವಾಯಿತು. ಪರಿಹಾರವೂ ಆಗಲೇ ಲಭ್ಯವಿತ್ತು. ಸಂಸ್ಥೆಯೊಳಗೆ ಎಚ್ಚರಿಕೆಯ ಇ-ಮೇಲ್ ಹೋಯಿತು. ಆದರೆ ವಿಳಾಸಪಟ್ಟಿಯು ಹಳೆಯದಾಗಿದ್ದುದರಿಂದ ಅದು ತಲುಪಬೇಕಾದವರಿಗೆ ತಲುಪಲಿಲ್ಲ. ಗ್ರಾಹಕರ ತಕರಾರು ಸ್ವೀಕರಿಸುವ ಜಾಲತಾಣದಲ್ಲಿ ಅದೇ ದೋಷವಿದ್ದರೂ ತಪಾಸಣೆಯಲ್ಲಿ ಅದು ಸಿಕ್ಕಲಿಲ್ಲ. ಮೇ ತಿಂಗಳಲ್ಲಿ ನುಸುಳಿದವರು ಜುಲೈ ಕೊನೆಯವರೆಗೆ ಒಳಗಿದ್ದರು. ಮಾಹಿತಿ ಹರಿವನ್ನು ಪರೀಕ್ಷಿಸಬೇಕಾಗಿದ್ದ ಸಾಧನದ ಪ್ರಮಾಣಪತ್ರದ ಅವಧಿ ಮುಗಿದು ತಿಂಗಳುಗಳೇ ಕಳೆದಿದ್ದವು. ಜುಲೈ 29ರಂದು ಅದನ್ನು ನವೀಕರಿಸಿದೊಡನೆ ಕಳವು ಕಣ್ಣಿಗೆ ಬಿದ್ದಿತು. ಸುಮಾರು 14.7 ಕೋಟಿ ಜನರ ವಿವರಗಳು ಹೊರಹೋಗಿದ್ದವು. 2019ರ ಜುಲೈ ತಿಂಗಳ ರಾಜಿ ಒಪ್ಪಂದದಲ್ಲಿ ಸಂಸ್ಥೆಯು ಕನಿಷ್ಠ 57.5 ಕೋಟಿ ಡಾಲರ್ ತೆರಲು ಒಪ್ಪಿತು. ಸಂಸ್ಥೆಯ ಬಳಿ ಗಣಕ ಆಸ್ತಿಗಳ ಸಮಗ್ರ ಪಟ್ಟಿ ಇರಲಿಲ್ಲವೆಂದು ಅದೇ ವರ್ಷ ಅಮೆರಿಕದ ಸೆನೆಟ್ ಉಪಸಮಿತಿ ವರದಿ ಮಾಡಿತು.

ನಮ್ಮಲ್ಲಿಯೂ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಯಾವ ಯಂತ್ರ ಎಲ್ಲಿದೆಯೆಂದು ಹುಡುಕುತ್ತ ಕೂರುವವರಿಗೆ ಈ 6 ಗಂಟೆಗಳು ಸಾಲುವುದಿಲ್ಲ.

ಸಣ್ಣ ಉದ್ದಿಮೆಗಳು ದುಬಾರಿ ತಂತ್ರಾಂಶ ಕೊಂಡೇ ಆರಂಭಿಸಬೇಕೆಂದಿಲ್ಲ. ಬಿಲ್ಲಿಂಗ್, ವೇತನ, ತೆರಿಗೆ ಈ ಮೂರು ಸೇವೆಗಳನ್ನು ಮೊದಲು ಆಯ್ದು, ಅವು ಅವಲಂಬಿಸಿರುವ ಯಂತ್ರ, ತಂತ್ರಾಂಶದ ಆವೃತ್ತಿ, ಬೆಂಬಲ ಮುಗಿಯುವ ದಿನಾಂಕ, ಹೊಣೆಗಾರ ಇಷ್ಟನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದರೂ ಅರ್ಧ ದಾರಿ ಸಾಗಿದಂತೆ. ಎಲ್ಲವನ್ನೂ ಒಮ್ಮೆಲೇ ಸೇರಿಸಹೊರಟವರ ದಾಖಲೆಗಳು ಬಹುಮಟ್ಟಿಗೆ ಕೆಲವೇ ತಿಂಗಳಲ್ಲಿ ಹಳಸುತ್ತವೆ. ಹಳಸಿದ ದಾಖಲೆ ಇಲ್ಲದ ದಾಖಲೆಗಿಂತ ಅಪಾಯಕಾರಿ, ಏಕೆಂದರೆ ಜನ ಅದನ್ನು ನಂಬುತ್ತಾರೆ. ಆದ್ದರಿಂದ ವೋಚರ್ ಇಲ್ಲದೆ ಹಣ ಪಾವತಿಸದಂತೆ, ದಾಖಲೆ ತಿದ್ದದೆ ಯಾವ ಬದಲಾವಣೆಯನ್ನೂ ಮುಗಿದಿದೆಯೆಂದು ಪರಿಗಣಿಸಬಾರದು. ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವ ದಿನವೇ ಈ ಹಾಳೆಯನ್ನೂ ಸ್ಥಿರ ಆಸ್ತಿಗಳ ರಿಜಿಸ್ಟರಿನೊಂದಿಗೆ ತಾಳೆ ನೋಡಬಹುದು. ರಿಜಿಸ್ಟರಿನಲ್ಲಿದ್ದು ಹಾಳೆಯಲ್ಲಿಲ್ಲದ ಯಂತ್ರ ಮೂಲೆ ಸೇರಿರಬಹುದು ಇಲ್ಲವೇ ಕಣ್ಮರೆಯಾಗಿರಬಹುದು. ಹಾಳೆಯಲ್ಲಿದ್ದು ರಿಜಿಸ್ಟರಿನಲ್ಲಿಲ್ಲದ್ದು ಯಾರ ಹಣದಿಂದ ಬಂದಿತೆಂದು ಲೆಕ್ಕಪರಿಶೋಧಕರು ಕೇಳಿಯೇ ಕೇಳುತ್ತಾರೆ.