ಅಳೆಯುವವರ ಹೊಣೆ

ಗಣಕಯಂತ್ರದ ತೆರೆಯ ಮೇಲೆ ಕಾಣುವ ಆಟದಲ್ಲಿ ಕುದುರೆ ಓಡುತ್ತದೆ, ನೀರು ಹರಿಯುತ್ತದೆ. ಆದರೆ ಅಲ್ಲಿ ನಿಜವಾಗಿ ಚಲಿಸುವ ವಸ್ತುವೊಂದೂ ಇಲ್ಲ. ಚಲನಚಿತ್ರದಲ್ಲಿರುವಂತೆ ಸ್ಥಿರಚಿತ್ರಗಳು ಒಂದರ ಹಿಂದೊಂದು ಮೂಡಿ ಚಲನೆಯ ಭ್ರಮೆಯನ್ನು ಉಂಟುಮಾಡುತ್ತವೆ. ಚಲನಚಿತ್ರದ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಆಟದಲ್ಲಿಯಾದರೋ ಆಟಗಾರನು ಎತ್ತ ತಿರುಗುವನೆಂಬುದು ಯಾರಿಗೂ ತಿಳಿಯದು. ಆದುದರಿಂದ ಪ್ರತಿಯೊಂದು ಚಿತ್ರವನ್ನೂ ಆ ಕ್ಷಣದಲ್ಲಿಯೇ ರಚಿಸಬೇಕು. ಈ ಕಾರ್ಯದ ಬಹುಭಾಗವನ್ನು ನಿರ್ವಹಿಸುವ ಉಪಕರಣವೇ ಗ್ರಾಫಿಕ್ಸ್ ಕಾರ್ಡ್.

ಎರಡು ಕಾರ್ಡುಗಳಲ್ಲಿ ಉತ್ತಮವಾದುದು ಯಾವುದೆಂದು ತಿಳಿಯುವ ಬಗೆ ಹೇಗೆ? ಒಂದೇ ಗಣಕಯಂತ್ರದಲ್ಲಿ ಒಂದೇ ಆಟದ ಒಂದೇ ದೃಶ್ಯವನ್ನು ಎರಡು ಕಾರ್ಡುಗಳಿಂದಲೂ ಬರೆಯಿಸಬೇಕು. ಕಾರ್ಡಿನ ಹೊರತು ಬೇರೇನೂ ಬದಲಾಗಬಾರದು. ಅನಂತರ ಒಂದು ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡಿದವೆಂದು ಎಣಿಸಬೇಕು. 1999ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ಹೊರತಂದ ‘ಕ್ವೇಕ್ 3’ ಎಂಬ ಆಟವು ಇಂತಹ ಪರೀಕ್ಷೆಗೆ ಬಹಳವಾಗಿ ಬಳಕೆಯಾಯಿತು. ಒಮ್ಮೆ ಆಡಿದ ಆಟವನ್ನು ದಾಖಲಿಸಿಕೊಂಡು, ಅದನ್ನೇ ಮತ್ತೆ ಮತ್ತೆ ನಡೆಯಿಸುವ ಸೌಲಭ್ಯ ಅದರಲ್ಲಿತ್ತು.

ಆದರೆ ಪರೀಕ್ಷೆ ಪ್ರಸಿದ್ಧವಾದಂತೆ ಅದರಲ್ಲಿ ಗೆಲ್ಲುವ ಆಸೆಯೂ ಬೆಳೆಯುತ್ತದೆ. 2001ರಲ್ಲಿ ಎಟಿಐ ಸಂಸ್ಥೆಯ ‘ರೇಡಿಯಾನ್ 8500’ ಕಾರ್ಡನ್ನು ಪರೀಕ್ಷಿಸುತ್ತಿದ್ದವರು ಒಂದು ಸರಳ ಉಪಾಯವನ್ನು ಮಾಡಿದರು. ಆಟದ ಕಡತದ ಹೆಸರಿನಲ್ಲಿದ್ದ ‘ಕ್ವೇಕ್’ ಎಂಬುದನ್ನು ‘ಕ್ವ್ಯಾಕ್’ ಎಂದು ಬದಲಾಯಿಸಿದರು. ಆಟ ಅದೇ, ಯಂತ್ರ ಅದೇ. ಹೆಸರು ಮಾತ್ರ ಬೇರೆ. ಆದರೂ ಕಾರ್ಡಿನ ವೇಗ ಕುಗ್ಗಿತು, ಚಿತ್ರಗಳು ಹೆಚ್ಚು ಸ್ಫುಟವಾದವು! ಕಾರ್ಡನ್ನು ನಡೆಯಿಸುವ ತಂತ್ರಾಂಶವು ಆಟದ ಹೆಸರನ್ನು ಗುರುತಿಸಿ, ಚಿತ್ರದ ಸೊಗಸನ್ನು ತಗ್ಗಿಸಿ ವೇಗವನ್ನು ಗಳಿಸುತ್ತಿದ್ದುದು ಹೀಗೆ ಬಯಲಾಯಿತು. ಮುಂದಿನ ಆವೃತ್ತಿಯಲ್ಲಿ ಸಂಸ್ಥೆಯು ಚಿತ್ರದ ದೋಷವನ್ನು ಸರಿಪಡಿಸಿತು.

ಮೋಸವಿಲ್ಲದ ಅಳತೆಯೂ ಕೆಲವೊಮ್ಮೆ ದಾರಿ ತಪ್ಪಿಸಬಲ್ಲದು. ಎರಡು ಕಾರ್ಡುಗಳು ಒಂದು ಸೆಕೆಂಡಿನಲ್ಲಿ ತಲಾ 60 ಚಿತ್ರಗಳನ್ನು ರಚಿಸಿದುವೆಂದು ಭಾವಿಸೋಣ. ಮೊದಲನೆಯದು ಪ್ರತಿ ಚಿತ್ರಕ್ಕೂ ಸುಮಾರು 16.7 ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಎರಡನೆಯದು 59 ಚಿತ್ರಗಳನ್ನು ತಲಾ 10 ಮಿಲಿಸೆಕೆಂಡುಗಳಲ್ಲಿ ಮುಗಿಸಿ, ಉಳಿದ ಒಂದಕ್ಕೆ 410 ಮಿಲಿಸೆಕೆಂಡುಗಳನ್ನು ವ್ಯಯಿಸುತ್ತದೆ. ಎರಡರ ಸರಾಸರಿಯೂ ಒಂದೇ. ಆದರೆ ಎರಡನೆಯ ಕಾರ್ಡಿನಲ್ಲಿ ಆಟವು ನಡುವೆ ಮುಗ್ಗರಿಸಿದಂತೆ ತಡೆದು ನಿಲ್ಲುತ್ತದೆ. ಸರಾಸರಿ ನಾಲ್ಕಡಿ ಆಳವಿರುವ ಹೊಳೆಯಲ್ಲಿಯೂ ಆಳುದ್ದದ ಮಡು ಇರಬಹುದಲ್ಲವೆ? 2011ರಲ್ಲಿ ಸ್ಕಾಟ್ ವಾಸನ್ ಎಂಬ ಅಮೆರಿಕದ ವಿಮರ್ಶಕರು ಈ ಲೋಪವನ್ನು ವಿವರವಾಗಿ ತೋರಿಸಿ, ಪ್ರತಿಯೊಂದು ಚಿತ್ರಕ್ಕೆ ತಗಲುವ ಕಾಲವನ್ನೇ ಅಳೆಯಬೇಕೆಂದು ಪ್ರತಿಪಾದಿಸಿದರು. ಆ ವಿಧಾನವು ಮುಂದೆ ವ್ಯಾಪಕವಾಗಿ ಬಳಕೆಗೆ ಬಂದಿತು.

ಹಣ ಕೂಡಿಸಿ ಕಾರ್ಡನ್ನು ಕೊಳ್ಳುವವನು ನಂಬುವುದು ಪರೀಕ್ಷಕನ ಅಂಕಿಗಳನ್ನು. ಅಂಕಿಗಳು ತಾವಾಗಿ ಸುಳ್ಳಾಡುವುದಿಲ್ಲ. ಆದರೆ ಕೇಳದ ಪ್ರಶ್ನೆಗೆ ಅವು ಉತ್ತರವನ್ನೂ ಕೊಡುವುದಿಲ್ಲ. ಏನನ್ನು ಅಳೆದರು, ಹೇಗೆ ಅಳೆದರು, ಯಾವುದನ್ನು ಅಳೆಯದೆ ಬಿಟ್ಟರು ಎಂದು ವಿಚಾರಿಸುವುದೇ ವಿಜ್ಞಾನದ ಮೊದಲ ಪಾಠ. ತಕ್ಕಡಿಯನ್ನು ಹಿಡಿದವನು ಮೊದಲು ತಕ್ಕಡಿಯನ್ನೇ ಪರೀಕ್ಷಿಸಬೇಕು.