ಎರಿ ಹೊಲಕ್ಕೆ ಎಂಥ ಗಾಡಿ?

ರೋಣ, ನರಗುಂದ, ಗಜೇಂದ್ರಗಡ ಮೂರೂ ಗದಗ ಜಿಲ್ಲೆಯ ತಾಲ್ಲೂಕುಗಳೇ. ಆದರೆ ಗಾಡಿಯ ಗಾಲಿಗೆ ಅವು ಒಂದಲ್ಲ. ರೋಣ, ನರಗುಂದದ ಕಡೆ ಎರಿ, ಅಂದರೆ ಕಪ್ಪು ಮಣ್ಣು. ಗಜೇಂದ್ರಗಡ ಹತ್ತಿರವಾದಂತೆ ಮಸಾರಿಯ ಕೆಂಪು ಮಣ್ಣು, ಗರಸು, ಕಲ್ಲು, ಆಮೇಲೆ ಗಾಳಿಯಂತ್ರಗಳು ನಿಂತ ಗುಡ್ಡ. ನಮ್ಮ ಹೊಲಗಳಿರುವುದು ರೋಣದ ಎರಿಯಲ್ಲಿ, ಹೆಂಡತಿಯ ತವರು ಗಜೇಂದ್ರಗಡದ ಗುಡ್ಡದ ಬುಡದಲ್ಲಿ, ಅಕ್ಕನನ್ನು ಕೊಟ್ಟಿದ್ದು ನರಗುಂದದ ಕಾಲುವೆ ಸೀಮೆಗೆ. ಈ ಮೂರೂ ಕಡೆ ವರ್ಷವಿಡೀ ಓಡಾಡುವ ಜೀಪು ಬೇಕೆಂದು ಹೊರಟಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶೋರೂಮಿಗೆ ಹೋಗುವ ಮೊದಲು ನಮ್ಮ ಕಾಕಾ ಒಂದು ಮಾತು ಹೇಳಿದರು: "ತಮ್ಮಾ, ಗಾಡಿ ಬ್ಯಾಸಿಗ್ಯಾಗ ನೋಡಿ ತಗೋಬ್ಯಾಡ. ಉತ್ತರಿ ಮಳ್ಯಾಗ ಹೊಲಕ್ಕ ಹೋಗಿ ಬರತೈತೇನು, ಅದನ್ನ ಕೇಳು." ನಾನು ಪಡೆದ ಸಲಹೆಗಳಲ್ಲೆಲ್ಲ ಇದೇ ದೊಡ್ಡದು. ಬೇಸಿಗೆಯಲ್ಲಿ ನಮ್ಮ ಚಕ್ಕಡಿ ದಾರಿಯಲ್ಲಿ ಯಾವ ಕಾರಾದರೂ ಹೋಗುತ್ತದೆ. ಹೆಸರು ಬಿಡಿಸುವ ಹೊತ್ತಿಗೆ, ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ಮಳೆ ಹಿಡಿದರೆ ಅದೇ ದಾರಿಯಲ್ಲಿ ನಡೆಯುವವನ ಚಪ್ಪಲಿಯೂ ಉಳಿಯುವುದಿಲ್ಲ.

ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿರುವ ಜೇಡಿಯ ಗುಣವೇ ಅದು. ಹಸಿಯಾದಾಗ ಅದು ಮೊದಲು ಟಾಯರಿನ ಗೀರುಗಳನ್ನು ತುಂಬುತ್ತದೆ. ಗೀರು ತುಂಬಿದ ಟಾಯರು ನುಣ್ಣಗಿನ ಉರುಳೆ, ಅಷ್ಟೇ. ಆಮೇಲೆ ಮಡ್ಗಾರ್ಡಿನ ಒಳಗೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಮೊದಲ ಮಳೆಗೆ ಮೇಲಿನ ಪದರ ಮಾತ್ರ ರಾಡಿಯಾಗಿ ಕೆಳಗೆ ಗಟ್ಟಿ ಇರುತ್ತದೆ, ಆಗ ಸಣ್ಣ ಟಾಯರು ಅದನ್ನು ಕೊರೆದು ತಳ ಮುಟ್ಟುತ್ತದೆ. ಉತ್ತರಿ, ಹಸ್ತದ ಮಳೆ ಎಡೆಬಿಡದೆ ಹಿಡಿದಾಗ ತಳವೇ ಸಿಗುವುದಿಲ್ಲ. ಕಾಲುವೆಯ ನೀರು ಜಿನುಗುವ ನರಗುಂದದ ಕೆಲವು ಹೊಲಗಳಲ್ಲಂತೂ ಮಳೆಯಿಲ್ಲದ ದಿನವೂ ಇದೇ ಪಾಡು.

ಇಂಥ ಜಾಗದಲ್ಲಿ ಎರಡು ಗಾಲಿಯ ಗಾಡಿ, ಅಂದರೆ ಎಂಜಿನ್ನಿನ ಬಲ ಎರಡೇ ಗಾಲಿಗೆ ಹೋಗುವ ಗಾಡಿ, ಏಕೆ ನಿಲ್ಲುತ್ತದೆ? ಉತ್ತರ ಡಿಫರೆನ್ಷಿಯಲ್‌ನಲ್ಲಿದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು, ಒಳಗಿನದು ಕಡಿಮೆ ಉರುಳಬೇಕು, ಅದಕ್ಕಾಗಿ ಮಾಡಿದ ಗೇರುಗಳ ಗುಂಪು ಅದು. ಸಾದಾ ಡಿಫರೆನ್ಷಿಯಲ್ ಎರಡೂ ಗಾಲಿಗೆ ಸಮ ಬಲ ಕೊಡುತ್ತದೆ. ಆದ್ದರಿಂದ ಜಾರುವ ಗಾಲಿಗೆ ಎಷ್ಟು ಹಿಡಿತವಿದೆಯೋ, ಗಟ್ಟಿ ನೆಲದಲ್ಲಿರುವ ಗಾಲಿಗೂ ಅಷ್ಟೇ ಬಲ ಸಿಗುತ್ತದೆ. ಒಂದು ಗಾಲಿ ಸುಮ್ಮನೆ ತಿರುಗುತ್ತದೆ, ಇನ್ನೊಂದು ನಿಂತೇ ಇರುತ್ತದೆ. ನಾಲ್ಕೂ ಗಾಲಿಗೆ ಬಲ ಹೋಗುವ ಫೋರ್ ಬೈ ಫೋರ್ ಇದ್ದರೂ ಎರಡೂ ಆಕ್ಸಲ್‌ನ ಡಿಫರೆನ್ಷಿಯಲ್ ಸಾದಾ ಇದ್ದರೆ, ಮುಂದೊಂದು ಹಿಂದೊಂದು ಗಾಲಿ ಜಾರಿ ಗಾಡಿ ನಿಲ್ಲಬಹುದು.

ನಮ್ಮೂರಿನಲ್ಲಿ ಟ್ರ್ಯಾಕ್ಟರ್ ಹೊಡೆಯುವ ಹುಡುಗರಿಗೆಲ್ಲ ಇದು ಗೊತ್ತು. ಗಾಲಿ ಜಾರಿದಾಗ ಹಿಮ್ಮಡಿಯ ಹತ್ತಿರದ ಪೆಡಲ್ ಒತ್ತಿದರೆ ಹಿಂದಿನ ಎರಡೂ ಗಾಲಿ ಒಂದಾಗಿ ತಿರುಗುತ್ತವೆ. ಅವರು ಅದನ್ನು ಲಾಕ್ ಎನ್ನುತ್ತಾರೆ. ಅದೇ ಮನೆಯವರು ಜೀಪು ಕೊಳ್ಳಲು ಹೋದಾಗ ಲಾಕಿನ ಮಾತೇ ಎತ್ತದೆ ಸನ್‌ರೂಫ್ ಕೇಳುವುದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ.

ಒಂದು ಶೋರೂಮಿನಲ್ಲಿ ಲಾಕ್ ಬಗ್ಗೆ ಕೇಳಿದಾಗ, "ಈಗೆಲ್ಲ ಎಲೆಕ್ಟ್ರಾನಿಕ್ಸೇ ನೋಡ್ಕೋತದ್ರಿ ಸರ್" ಎಂಬ ಉತ್ತರ ಬಂತು. ಅವರು ಹೇಳಿದ್ದು ಬ್ರೇಕಿನಿಂದ ಕೆಲಸ ಮಾಡುವ ವ್ಯವಸ್ಥೆಯನ್ನು. ಜಾರುವ ಗಾಲಿಗೆ ತಾನೇ ಬ್ರೇಕ್ ಹಾಕಿ ಬಲವನ್ನು ಇನ್ನೊಂದು ಗಾಲಿಗೆ ಕಳಿಸುತ್ತದೆ. ಮಾರುತಿ ಜಿಮ್ನಿಯಲ್ಲಿರುವುದು ಇದೇ. ಕಲ್ಲುದಾರಿಯಲ್ಲಿ ಒಂದು ಗಾಲಿ ಗಾಳಿಯಲ್ಲಿ ಎದ್ದಾಗ ಇದು ಚೆನ್ನಾಗಿ ದುಡಿಯುತ್ತದೆ. ಎರಿಯಲ್ಲಿ ಎರಡೂ ಗಾಲಿ ಒಟ್ಟಿಗೆ ಜಾರುತ್ತವೆ. ಅಲ್ಲಿ ಗಾಲಿ ಸ್ವಲ್ಪ ಜೋರಾಗಿ ತಿರುಗಿ ಗೀರಿನ ಮಣ್ಣನ್ನು ಎಸೆಯಬೇಕು. ಬ್ರೇಕ್ ಹಿಡಿದರೆ ಆ ವೇಗವೇ ಸಾಯುತ್ತದೆ. ಆದ್ದರಿಂದ ನನ್ನ ಮತ ಯಾಂತ್ರಿಕ ಲಾಕಿಗೆ. ಫೋರ್ಸ್ ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಕಡೆ ಲಾಕ್ ಬರುತ್ತದೆ. ಮಹೀಂದ್ರಾ ಥಾರ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಯಾಂತ್ರಿಕ ಲಾಕ್ ಸಿಗುತ್ತದೆ, ಆದರೆ ಎಲ್ಲ ವೇರಿಯಂಟಿನಲ್ಲೂ ಇಲ್ಲ, ಕೆಲವಕ್ಕೆ ಬ್ರೇಕಿನ ವ್ಯವಸ್ಥೆಯೇ. ಹೆಸರು ಒಂದೇ, ಒಳಗಿನ ಸಾಮಾನು ಬೇರೆ.

2023ರ ಜನವರಿಯಲ್ಲಿ ಥಾರ್‌ನ ಎರಡು ಗಾಲಿಯ ಮಾದರಿ ಬಂದಾಗ ನಮ್ಮ ಕಡೆ ಬಹಳ ಜನ ಅದರತ್ತ ಹೊರಳಿದರು. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯ ನಂತರ ಲೆಕ್ಕ ಇನ್ನೂ ಅದರತ್ತ ವಾಲಿದೆ. ನಾಲ್ಕು ಮೀಟರ್ ಒಳಗಿನ, 1500 ಸಿಸಿ ಒಳಗಿನ ಡೀಸೆಲ್ ಗಾಡಿಗೆ ಶೇ. 18, ಅದಕ್ಕಿಂತ ದೊಡ್ಡ ಎಂಜಿನ್ನಿಗೆ ಶೇ. 40. ಎರಡು ಗಾಲಿಯ ಥಾರ್‌ನ 1.5 ಲೀಟರ್ ಡೀಸೆಲ್ ಮೊದಲ ಸಾಲಿಗೆ, ಫೋರ್ ಬೈ ಫೋರ್‌ನ 2.2 ಲೀಟರ್ ಎರಡನೆಯದಕ್ಕೆ. ಎರಡರ ಬೆಲೆಯ ಅಂತರದಲ್ಲಿ ಎಂಜಿನ್ನು, ತೆರಿಗೆ ಎರಡೂ ಸೇರಿವೆ, ಎಲ್ಲವೂ ಮುಂದಿನ ಗಾಲಿಗಳ ಬೆಲೆಯಲ್ಲ. ರೋಣ ಪೇಟೆಯಲ್ಲೇ ಓಡಾಡುವವರಿಗೆ ಎರಡು ಗಾಲಿಯದು ಧಾರಾಳ ಸಾಕು. ಮಳೆಯಲ್ಲಿ ಹೊಲದಿಂದ ಆಳುಗಳನ್ನು, ಚೀಲಗಳನ್ನು ತರಬೇಕಾದವರಿಗೆ ಸಾಲದು.

ಹಣ ಕಡಿಮೆ ಬಿದ್ದಾಗ ನಾನು ಹಿಡಿದ ಅಳತೆ ಇದು: ಕಾರ್ಖಾನೆಯಿಂದಲೇ ಬರಬೇಕಾದದ್ದನ್ನು ಮೊದಲು ಕೇಳಬೇಕು. ಟ್ರಾನ್ಸ್‌ಫರ್ ಕೇಸ್, ಮುಂದಿನ ಆಕ್ಸಲ್, ಲಾಕ್ ಇವು ಆಮೇಲೆ ಸುಲಭವಾಗಿ ಹಾಕಿಸುವ ಸಾಮಾನಲ್ಲ. ಟಾಯರು, ಜಗ್ಗುವ ಬೆಲ್ಟು, ಗಾಳಿ ಪಂಪು, ಸಲಿಕೆ ಮುಂದಿನ ಸುಗ್ಗಿಗೂ ಬರುತ್ತವೆ. ಅಲಂಕಾರದ ಸಾಮಾನಿನ ಆಸೆ ಬಿಟ್ಟು ಡೀಸೆಲ್ ಫೋರ್ ಬೈ ಫೋರ್, ಹಿಂದಿನ ಲಾಕ್ ಇರುವ ಥಾರ್ ಬರೆಸಿದೆ. ಟಾಯರಿನ ವಿಷಯದಲ್ಲಿ ಒಂದು ಎಚ್ಚರ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ಅಳತೆ ಅದೇ ಇಟ್ಟು, ಅಗಲ ಗೀರಿನ ಟಾಯರು ಹಾಕಿಸಿದೆ. ಎರಿಯಲ್ಲಿ ಅದರ ಗುಣ ಮೊದಲ ಮಳೆಗೇ ಕಂಡಿತು. ಡಾಂಬರಿನ ಮೇಲೆ ಸದ್ದು ಹೆಚ್ಚು, ನನಗೆ ಅದು ನಡೆಯುತ್ತದೆ.

ಗಜೇಂದ್ರಗಡದ ಗುಡ್ಡ ಕೇಳುವುದು ಬೇರೆ. ಅಲ್ಲಿ ಜಾರುವ ರಾಡಿಯಿಲ್ಲ, ಸಡಿಲ ಗರಸು ಮತ್ತು ಇಳಿಜಾರು. ನಾಲ್ಕೂ ಗಾಲಿಯ ನಿಧಾನದ ಗೇರಾದ ಫೋರ್ ಲೋ ಹಾಕಿ, ಮೊದಲ ಗೇರಿನಲ್ಲಿ ಬ್ರೇಕಿನ ಮೇಲೆ ಕಾಲಿಡದೆ ಎಂಜಿನ್ನಿನ ಹಿಡಿತದಲ್ಲೇ ಇಳಿಯಬಹುದು. ಲೋ ಗೇರು ಇಲ್ಲದ ಎಸ್‌ಯುವಿಗೆ ಆ ನೆಮ್ಮದಿಯಿಲ್ಲ. ಆದರೆ ಈ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಒಣ ಡಾಂಬರಿನಲ್ಲಿ ಫೋರ್ ಬೈ ಫೋರ್ ಬಿಡದೆ ತಿರುಗಿಸಿದರೆ ಗೇರುಗಳು ಬಿಗಿದುಕೊಳ್ಳುತ್ತವೆ. ಹೊಲದಿಂದ ಹೆದ್ದಾರಿಗೆ ಹತ್ತಿದ ಕೂಡಲೇ ಎರಡು ಗಾಲಿಯ ಟೂ ಹೈಗೆ ತರುವುದನ್ನು ಮನೆಯ ಹುಡುಗರಿಗೆಲ್ಲ ಕಲಿಸಿದ್ದೇನೆ.

ನಮ್ಮ ಸೀಮೆಯಲ್ಲಿ ಹರಿಯುವ ಬೆಣ್ಣೆಹಳ್ಳದ ಮಾತೂ ಬಿಡುವಂತಿಲ್ಲ. ಅದು ಕುಂದಗೋಳ, ನವಲಗುಂದದ ಕಡೆಯಿಂದ ಬರುತ್ತದೆ. ಮೇಲೆ ಮಳೆಯಾದರೆ ನಮ್ಮಲ್ಲಿ ಬಿಸಿಲಿದ್ದಾಗಲೂ ಹಳ್ಳ ತುಂಬುತ್ತದೆ. ಥಾರ್ 650 ಮಿ.ಮೀ. ನೀರು ದಾಟುತ್ತದೆ ಎಂಬ ಕಂಪನಿಯ ಅಳತೆ ನಿಂತ ನೀರಿನದು. ಹರಿಯುವ ನೀರು ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅದಕ್ಕೆ ಯಾವ ಲಾಕೂ ತಡೆಯಲ್ಲ. ಹಳ್ಳ ಬಂದ ದಿನ ದಂಡೆಯಲ್ಲಿ ಕಾಯುವುದೇ ಸರಿ, ಎಷ್ಟೇ ಅವಸರವಿರಲಿ.

ಈ ಸೀಮೆಯಲ್ಲಿ ಗಾಡಿ ಬರೆಸಲು ಹೊರಟವರು ದಯವಿಟ್ಟು ಇಷ್ಟು ಮಾಡಿ. ನೀವು ಕೊಳ್ಳಬೇಕೆಂದಿರುವ ಗಾಡಿ ಬೀಗರ ಬಳಿಯೋ ಗೆಳೆಯರ ಬಳಿಯೋ ಇದ್ದರೆ, ಮಳೆಯ ಮರುದಿನ ಅವರನ್ನು ಕೂಡಿಸಿಕೊಂಡು ನಿಮ್ಮ ಹೊಲದ ದಾರಿಯಲ್ಲೇ ಓಡಿಸಿ ನೋಡಿ. ಬುಕಿಂಗ್ ಹಾಳೆಯಲ್ಲಿ ವೇರಿಯಂಟಿನ ಪೂರ್ತಿ ಹೆಸರು, ಫೋರ್ ಬೈ ಫೋರ್, ಯಾಂತ್ರಿಕ ಲಾಕ್ ಇದೆ ಎಂಬ ಮಾತು ಮೂರನ್ನೂ ಬರೆಸಿ, ಸಹಿ ಮಾಡಿಸಿಕೊಂಡೇ ಮುಂಗಡ ಕೊಡಿ.